ಮಗನ ಆಟಿಸಂಗೆ ನಾನೇ ಕಾರಣನಾ? ಮಗಳಿಗೆ ಇಂಜೆಕ್ಷನ್ ಹಾಕಿಸಲಾ, ಬೇಡ್ವಾ?

ಹಾಸನದ ಅಮ್ಮ
ಮಗನಿಗೆ ಮೂರು ವರ್ಷ. ಹೋದ ತಿಂಗಳು ಆಟಿಸಂ ಅಂದರು. ಒಂದೂವರೆ ವರ್ಷಕ್ಕೆ ಅಮ್ಮ, ತಾತ, ಮಮ್ಮು ಅಂತಿದ್ದವನು ಆಮೇಲೆ ಒಂದೊಂದೇ ಮಾತು ಬಿಟ್ಟ. ನೀರು ಬೇಕಾದರೆ ಬೆರಳು ತೋರಿಸುವುದಿಲ್ಲ, ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಬಿಂದಿಗೆ ಮೇಲೆ ನನ್ನ ಕೈ ಇಡುತ್ತಾನೆ. ಅತ್ತೆ ಹೇಳುವುದು, ನೀನು ಕೆಲಸಕ್ಕೆ ಹೋದೆ, ಮೊಬೈಲ್ ಕೊಟ್ಟು ಕೂರಿಸಿದೆ, ಅದಕ್ಕೇ ಹೀಗಾಯ್ತು ಅಂತ. ಭಾವ ವಾಟ್ಸಾಪ್ ತೋರಿಸಿ ಲಸಿಕೆಯಿಂದ ಅಂತಾರೆ. ಮಗಳಿಗೆ ಒಂಬತ್ತು ತಿಂಗಳು, ಗುರುವಾರ ದಡಾರ-ರುಬೆಲ್ಲಾ ಇಂಜೆಕ್ಷನ್ ಇದೆ. ಏನು ಮಾಡಲಿ?

ಮಕ್ಕಳ ಡಾಕ್ಟರ್, ಶಿವಮೊಗ್ಗ
ಹಾಕಿಸಿ ಅಮ್ಮ. ಈ ಭಯ ಹುಟ್ಟಿದ್ದು 1998ರಲ್ಲಿ, ಬ್ರಿಟನ್ನಿನ ಆಂಡ್ರೂ ವೇಕ್‌ಫೀಲ್ಡ್ ಬರೆದ ಲೇಖನದಿಂದ. ನೋಡಿದ್ದು ಬರೀ 12 ಮಕ್ಕಳನ್ನು. 2010ರಲ್ಲಿ, ಅದನ್ನು ಅಚ್ಚು ಹಾಕಿದ್ದ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯೇ ವಾಪಸ್ ತೆಗೆದುಕೊಂಡಿತು, ಅವರ ವೈದ್ಯಕೀಯ ನೋಂದಣಿಯೂ ರದ್ದಾಯಿತು. 2019ರಲ್ಲಿ ಡೆನ್ಮಾರ್ಕ್‌ನ ಆರೂವರೆ ಲಕ್ಷ ಮಕ್ಕಳ ದಾಖಲೆ ನೋಡಿದರು, ದಡಾರ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಇನ್ನೊಂದು ಮಾತು ನಿಮ್ಮ ಭಾವನಿಗೂ ಹೇಳಿ. ಬಸುರಿಗೆ ರುಬೆಲ್ಲಾ ತಗುಲಿದರೆ ಹುಟ್ಟುವ ಮಗುವಿಗೆ ಆಟಿಸಂ ಬರುವ ಸಾಧ್ಯತೆ ಜಾಸ್ತಿ. 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿದ ಮೇಲೆ ಹುಟ್ಟಿದ ಮಕ್ಕಳಲ್ಲಿ ಇದು ಕಂಡುಬಂತು. ಆ ರುಬೆಲ್ಲಾವನ್ನು ತಡೆಯುವುದೇ ಈ ಇಂಜೆಕ್ಷನ್.

ಮೈಸೂರು, ಹದಿನಾಲ್ಕರ ಮಗನ ತಾಯಿ
ತಂಗಿ, ನಿಮ್ಮ ತಪ್ಪಲ್ಲ. ತಾಯಿ ಪ್ರೀತಿ ಕಮ್ಮಿಯಾದರೆ ಆಟಿಸಂ ಬರುತ್ತೆ ಅಂತ ಒಂದು ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳುತ್ತಿದ್ದರು. ಎಷ್ಟು ತಾಯಂದಿರು ಅತ್ತರೋ. ಅದು ಸುಳ್ಳು ಅಂತ ಯಾವತ್ತೋ ಗೊತ್ತಾಗಿದೆ, ನಮ್ಮ ಮನೆಗಳಲ್ಲಿ ಮಾತ್ರ ಇನ್ನೂ ಹೋಗಿಲ್ಲ. ಮೊಬೈಲ್ ವಿಷಯ ನಾನೂ ತುಂಬ ಯೋಚಿಸಿದ್ದೀನಿ. ನನ್ನ ಮಗ ಯಾರ ಜೊತೆಯೂ ಸೇರುತ್ತಿರಲಿಲ್ಲ, ಮಂಚದ ಕೆಳಗೆ ಮಲಗಿ ಆಟದ ಕಾರಿನ ಚಕ್ರ ಒಂದೇ ಸಮ ತಿರುಗಿಸುತ್ತಿದ್ದ, ಸುಮ್ನಿರಲಿ ಅಂತ ಆಮೇಲೆ ಮೊಬೈಲ್ ಕೊಟ್ಟಿದ್ದು. ಯಾವುದು ಮೊದಲು ಅಂತ ಯಾರೂ ಕೇಳುವುದಿಲ್ಲ. ಆದರೂ ಮೊಬೈಲ್ ಕಡಿಮೆ ಮಾಡಿ. ಅದು ತಿನ್ನುವ ಹೊತ್ತು ನಿಮ್ಮ ಜೊತೆ ಆಟಕ್ಕೆ ಬೇಕು.

ಹಾಸನದ ಅಮ್ಮ
ಓದಿ ಅಳು ಬಂತು ಅಕ್ಕ. ಡಾಕ್ಟ್ರೇ, ಹಾಗಾದರೆ ಯಾಕೆ ಬರುತ್ತೆ? ಏಳನೇ ತಿಂಗಳಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿದ್ದೆ.

ಮಕ್ಕಳ ಡಾಕ್ಟರ್, ಶಿವಮೊಗ್ಗ
ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಸ್ವೀಡನ್‌ನಲ್ಲಿ ಸುಮಾರು 25 ಲಕ್ಷ ಮಕ್ಕಳನ್ನು ನೋಡಿ, ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಆ ಮಾತ್ರೆಯಿಂದ ಅಪಾಯ ಹೆಚ್ಚಾಗಿದ್ದು ಕಾಣಲಿಲ್ಲ. ದೊಡ್ಡ ಪಾಲು ವಂಶವಾಹಿಗಳದ್ದು, ಐದು ದೇಶಗಳ ಲೆಕ್ಕದಲ್ಲಿ ಶೇ. 80ರಷ್ಟು. ಉಳಿದದ್ದರಲ್ಲಿ ಅಪ್ಪ-ಅಮ್ಮನ ವಯಸ್ಸು, ತಿಂಗಳು ತುಂಬುವ ಮೊದಲೇ ಹೆರಿಗೆ, ಬಸುರಲ್ಲಿ ತೆಗೆದುಕೊಂಡ ವಾಲ್ಪ್ರೊಯೇಟ್ ಅನ್ನುವ ಫಿಟ್ಸ್ ಮಾತ್ರೆ ಇವೆಲ್ಲ ಬರುತ್ತವೆ (ಆ ಮಾತ್ರೆ ತಗೊಳ್ಳುವವರು ತಾವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ). ಹೊಗೆ, ಧೂಳಿನ ಗಾಳಿಗೂ ನಂಟು ಕಂಡಿದೆ, ಆದರೆ ಅದೇ ಕಾರಣ ಅಂತ ಸಾಬೀತಾಗಿಲ್ಲ. ಅಣ್ಣನಿಗೆ ಇರುವುದರಿಂದ ಮಗಳನ್ನು ಸ್ವಲ್ಪ ಗಮನಿಸುತ್ತಿರಿ. ಕರೆದರೆ ತಿರುಗುತ್ತಾಳಾ, ಕಣ್ಣು ಕೊಟ್ಟು ನಗುತ್ತಾಳಾ, ವರ್ಷ ತುಂಬಿದ ಮೇಲೆ ಬೆರಳು ತೋರಿಸುತ್ತಾಳಾ.

ಮೈಸೂರು, ಹದಿನಾಲ್ಕರ ಮಗನ ತಾಯಿ
ಮಗನ ಮಾತಿನ ತರಬೇತಿಗೆ ತಡ ಮಾಡಬೇಡಿ. ಇಲ್ಲಿ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಬರುವಾಗ ಅತ್ತೆಯನ್ನೂ ಕರೆದುಕೊಂಡು ಬನ್ನಿ, ಅಲ್ಲಿ ಹೇಳುವುದನ್ನು ಅವರೇ ಕೇಳಲಿ.

ಹಾಸನದ ಅಮ್ಮ
ಗುರುವಾರ ಹಾಕಿಸುತ್ತೀನಿ. ತಾಯಿ ಕಾರ್ಡ್ ಈಗಲೇ ಬ್ಯಾಗಿಗೆ ಹಾಕಿಟ್ಟೆ.