ಪದಚರ್ಚೆ: ‘ಹೀಟರ್ ಕಾರ್ಡ್’ ಅಂದರೆ ಯಾವ ಕಾರ್ಡು?

ಬಳಗದ ಎಲ್ಲರಿಗೂ ಬೀದರ್‌ನಿಂದ ನಮಸ್ಕಾರ.

ಒಂದೇ ಒಂದು ಪುಟದ ಕನ್ನಡದಲ್ಲಿ ಸಿಕ್ಕಿಬಿದ್ದಿದ್ದೇನೆ, ಬಿಡಿಸಿಕೊಡಬೇಕು. ನನ್ನ ಅಕ್ಕನ ಮಗ ಕೆನಡಾದ ಸಸ್ಕಾಟೂನ್‌ನಲ್ಲಿದ್ದಾನೆ. ಹೋದ ಚಳಿಗಾಲದಲ್ಲಿ ಅವನ ಹಳೆಯ ಗಾಡಿಯ ಬ್ಲಾಕ್ ಹೀಟರ್‌ಗೆ (ಚಳಿಯಲ್ಲಿ ಎಂಜಿನ್ ಬೆಚ್ಚಗಿಡುವ ಸಾಮಾನು) ಕರೆಂಟ್ ಒಯ್ಯುವ ವೈರು ಪಿನ್ನಿನ ಬುಡದಲ್ಲಿ ಸುಟ್ಟು ಕರ್ರಗಾಯಿತಂತೆ. ಹೊಸದು ತಂದು ತಾನೇ ಹಾಕಿಕೊಂಡ. ಅಲ್ಲಿಗೆ ಹೊಸದಾಗಿ ಬರುವ ನಮ್ಮ ಕಡೆಯ ಹುಡುಗರಿಗೆ ಉಪಯೋಗವಾಗಲಿ ಅಂತ, ಅದನ್ನು ಬದಲಿಸುವುದು ಹೇಗೆ, ಸರಿ ಇದೆಯೋ ಇಲ್ಲವೋ ನೋಡುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಬರೆದು, ‘ಮಾಮಾ, ಇದನ್ನ ಕನ್ನಡದಾಗ ಮಾಡಿಕೊಡ್ರಿ’ ಅಂದ. ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ಒಂದು ಪುಟ ಏನು ಲೆಕ್ಕ ಅಂತ ಒಪ್ಪಿಕೊಂಡೆ.

ಬರೆದದ್ದನ್ನು ಮೊದಲು ಓದಿಸಿದ್ದು ಅವನ ಅಪ್ಪನಿಗೆ, ಅಂದರೆ ನಮ್ಮ ಭಾವನಿಗೆ. ಹುಮನಾಬಾದಿನಲ್ಲಿ ಜೀಪು, ಟ್ರ್ಯಾಕ್ಸ್ ರಿಪೇರಿಯಲ್ಲೇ ಕೂದಲು ನೆರೆಸಿಕೊಂಡ ಮಿಸ್ತ್ರಿ. ‘ಹೀಟರ್ ಕಾರ್ಡ್ ಬದಲಾವಣೆ’ ಎಂಬ ತಲೆಬರಹ ನೋಡಿದವರೇ, ‘ಏನ್ ಮಾಸ್ತರ್, ಅಲ್ಲಿ ಗಾಡಿಗೂ ಕಾರ್ಡ್ ಮಾಡಿಸಬೇಕೇನು, ಆಧಾರ್ ಇದ್ದಂಗ?’ ಅಂದರು.

ಅಲ್ಲಿಗೆ ಮೊದಲ ಪದ ಬಿತ್ತು. ನಾನು ಬರೆದದ್ದು ವೈರು ಎಂಬರ್ಥದ cord, ಅವರು ಓದಿದ್ದು card; ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿರುವ ಈ ಎರಡು ಸ್ವರಗಳು ನಮ್ಮ ಲಿಪಿಗೆ ಬಂದು ಒಂದೇ ಆಗಿಬಿಡುತ್ತವೆ. ರೇಷನ್ನಿನದೂ ಕಾರ್ಡೇ, ಕರೆಂಟಿನದೂ ಕಾರ್ಡೇ. ‘ಕೋರ್ಡ್’ ಅಂತ ಬರೆದರೆ ಕೋರ್ಟ್ ಎಂದು ಓದುತ್ತಾರೆ. ‘ತಂತಿ’ ಅನ್ನೋಣವೆಂದರೆ ನಮಗದು ಬೇಲಿಗೆ ಬಿಗಿಯುವ ಬರಿಮೈ ಲೋಹ, ಹಿರಿಯರಿಗೆ ಟೆಲಿಗ್ರಾಮು. ತಾರ್ ಸೇವೆ 2013ರ ಜುಲೈನಲ್ಲಿ ನಿಂತರೂ ‘ತಾರ್ ಬಂತು’ ಅಂದರೆ ಎದೆ ಧಸಕ್ಕೆನ್ನುವವರು ನಮ್ಮ ಓಣಿಯಲ್ಲಿ ಇನ್ನೂ ಇದ್ದಾರೆ. ‘ಕೇಬಲ್’ ಟೀವಿಯವರ ಪಾಲಾಗಿದೆ.

ವಸ್ತು ಏನೆಂದು ಹೇಳದೆ ಪದ ಕೇಳುವುದು ತಪ್ಪು. ನಮ್ಮಲ್ಲಿ ಡಿಸೆಂಬರ್, ಜನವರಿಯಲ್ಲಿ ಪಾರಾ 10 ಡಿಗ್ರಿಗಿಂತ ಕೆಳಗಿಳಿದರೆ ಓಣಿಗೊಂದು ಬೆಂಕಿ. ಅಲ್ಲಿ ಮೈನಸ್ 30 ಮಾಮೂಲು. ಎಂಜಿನ್ ಆಯಿಲ್ ಗಟ್ಟಿಯಾಗಿ ಗಾಡಿ ತಿರುಗುವುದೇ ಇಲ್ಲ. (ಎಲ್ಲರೂ ‘ಹದಿನೈದು ನಲವತ್ತು’ ಅನ್ನುವ ಆಯಿಲ್ ಡಬ್ಬಿಯ ಮೇಲೆ ನಡುವೆ ಇರುವ ‘ಡಬ್ಲ್ಯೂ’ ಅಂದರೆ ವಿಂಟರ್, ವ್ಯಾಟ್ ಅಲ್ಲ. ಭಾವನಿಗೂ ಇದು ಈಗಲೇ ತಿಳಿದದ್ದು.) ಅದಕ್ಕೇ ಎಂಜಿನ್ನಿನ ಮೈಯಲ್ಲಿ ನೀರು ಓಡಾಡುವ ಜಾಗಕ್ಕೆ ಒಂದು ಸಣ್ಣ ರಾಡ್ ಇಳಿಸಿರುತ್ತಾರೆ. ನಾವು ಬಕೆಟ್ಟಿನಲ್ಲಿ ಇಳಿಬಿಟ್ಟು ಸ್ನಾನದ ನೀರು ಕಾಯಿಸುವ ರಾಡಿನ ತಮ್ಮ ಅನ್ನಿ. ಅದರ ವೈರು ಗಾಡಿಯ ಮೂತಿಯಿಂದ ಹೊರಗೆ ನೇತಾಡುತ್ತಿರುತ್ತದೆ. ರಾತ್ರಿ ಗಾಡಿ ನಿಲ್ಲಿಸಿದಲ್ಲಿ ಕರೆಂಟಿಗೆ ಕೊಟ್ಟು ಮಲಗುವುದು. ಹೊರಡುವ ಮುಂಚಿನ ಮೂರು, ನಾಲ್ಕು ತಾಸು ಸಾಕು ಅಂತ ಕೆಲವರು ಟೈಮರ್ ಹಾಕುತ್ತಾರೆ.

ಹಾಗಾದರೆ ‘ಎಂಜಿನ್ ಹೀಟರ್’ ಅಂದುಬಿಡೋಣವೇ? ಭಾವ ಒಪ್ಪಲಿಲ್ಲ. ‘ಹೀಟರ್ ನಮ್ಮ ಗಾಡ್ಯಾಗೂ ಅದ, ಅದಕ್ಕ ಮನಿ ಕರೆಂಟ್ ಯಾಕ್ ಬೇಕು?’ ಗ್ಯಾರೇಜಿನ ಮಾತಿನಲ್ಲಿ ಹೀಟರ್ ಎಂದರೆ ಹಳೆಯ ಡೀಸೆಲ್ ಜೀಪುಗಳಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ಕೆಲವು ಸೆಕೆಂಡು ಕೆಂಪಗೆ ಕಾಯುವ ಗ್ಲೋ ಪ್ಲಗ್. ‘ಹೀಟರ್ ಕೊಟ್ಟು ಸೆಲ್ಫ್ ಹೊಡಿ’ ಅನ್ನುವುದು ಇದನ್ನೇ. ಆ ಕುರ್ಚಿಯಲ್ಲಿ ಆಗಲೇ ಒಬ್ಬರು ಕೂತಿದ್ದಾರೆ. ‘ಎಂಜಿನ್ ರಾಡ್’ ಅಂದೆ; ಅದು ಕನೆಕ್ಟಿಂಗ್ ರಾಡ್, ‘ರಾಡ್ ಹೋಗ್ಯದ’ ಅಂದರೆ ಗಾಡಿಯವನ ಕತೆ ಮುಗಿದಂತೆ. ‘ಎಂಜಿನ್ ಕಾಯಿಸುವ ಸಾಧನ’ ಅಂದೆ, ಅದಕ್ಕೆ ನಕ್ಕೇಬಿಟ್ಟರು. ಎಂಜಿನ್ ಕಾಯ್ದಿದೆ ಅಂದರೆ ರೇಡಿಯೇಟರಿನಲ್ಲಿ ನೀರಿಲ್ಲ, ರಸ್ತೆ ಬದಿಗೆ ನಿಲ್ಲಿಸು ಅಂತ ಅರ್ಥ. ನೀರು ಕಾಯಬಹುದು, ಹಾಲು ಕಾಯಬಹುದು, ಎಂಜಿನ್ ಕಾಯಬಾರದು! ಅದಕ್ಕೆ ‘ಬೆಚ್ಚಗಾಗು’ ಬೇಕು.

ಇಂಗ್ಲಿಷಿನಲ್ಲೂ ಇದಕ್ಕೆ ಒಂದೇ ಹೆಸರಿರಲಿಲ್ಲ. ಅಮೆರಿಕದ ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್‌ಗೆ 1949ರಲ್ಲಿ ಪೇಟೆಂಟ್ ಸಿಕ್ಕಿದ್ದು ‘ಹೆಡ್‌ಬೋಲ್ಟ್ ಹೀಟರ್’ಗೆ, ಎಂಜಿನ್ ಹೆಡ್ಡಿನ ಒಂದು ಬೋಲ್ಟ್ ತೆಗೆದು ಆ ಜಾಗದಲ್ಲಿ ಕೂರಿಸುತ್ತಿದ್ದರು. ಕೂತ ಜಾಗ ಬದಲಾದಂತೆ ಹೆಸರೂ ಬದಲಾಯಿತು. ಆದ್ದರಿಂದ ‘ಬ್ಲಾಕ್ ಹೀಟರ್’ ಹಾಗೇ ಇರಲಿ, ಅಂಗಡಿಯಲ್ಲಿ ಕೇಳುವಾಗಲೂ ಅದೇ ಬೇಕು ಎಂದು ನನ್ನ ಅಭಿಪ್ರಾಯ. ಮೊದಲ ಸಲ ಬಂದಾಗ ‘ಎಂಜಿನ್ನಿನ ನೀರು ಬೆಚ್ಚಗಿಡುವ’ ಅಂತ ಸೇರಿಸಿದರಾಯಿತು.

ವೈರಿನ ವಿಷಯಕ್ಕೆ ಪರಿಹಾರ ಸಿಕ್ಕಿದ್ದು ಅಕ್ಕನಿಂದ. ಹಳೆಯ ಇಸ್ತ್ರಿ ಪೆಟ್ಟಿಗೆಯ ವೈರು ನೆನಪಿದೆಯೇ? ಮೇಲೆ ನೂಲಿನ ಹೆಣಿಗೆ, ಒಂದು ತುದಿಗೆ ಗೋಡೆಯ ಪಿನ್ನು, ಇನ್ನೊಂದು ತುದಿಗೆ ಎರಡು ತೂತಿನ ಕರಿ ಗುಂಡು. ಇಸ್ತ್ರಿ ಕೆಟ್ಟರೆ ವೈರು ಉಳಿಯುತ್ತಿತ್ತು, ವೈರು ಕೆಟ್ಟರೆ ಇಸ್ತ್ರಿ. ‘ಇಸ್ತ್ರಿ ವೈರ್ ಕೊಡ್ರಿ’ ಅಂದರೆ ಅಂಗಡಿಯವ ಎರಡೂ ತುದಿ ಸಮೇತ ಕೊಡುತ್ತಿದ್ದ, ಮೀಟರ್ ಲೆಕ್ಕದಲ್ಲಿ ಅಳೆಯುತ್ತಿರಲಿಲ್ಲ. ಬ್ಲಾಕ್ ಹೀಟರಿನದೂ ಅಚ್ಚು ಹಾಗೇ. ‘ಹೀಟರ್ ವೈರ್’ ಅಂತ ಬರೆದುಕೊಂಡಿದ್ದೇನೆ.

ಪರೀಕ್ಷೆಯ ಭಾಗದಲ್ಲಿ ನಾನೇ ಎಡವಿದೆ. ‘ಓಪನ್ ಇದ್ದರೆ ಬದಲಿಸಿ’ ಎಂಬಲ್ಲಿ ಶಾಲೆಯ ವಿದ್ಯುನ್ಮಂಡಲ ನೆನೆದು ‘ತೆರೆದಿದ್ದರೆ’ ಅಂತ ಬರೆದೆ. ನಲ್ಲಿ ತೆರೆದರೆ ನೀರು ಬರುತ್ತದೆ, ಮಂಡಲ ತೆರೆದರೆ ಕರೆಂಟು ನಿಲ್ಲುತ್ತದೆ. ಓದುವವನು ತಿಳಿಯುವುದು ಮೊದಲನೆಯದನ್ನೇ. ನಮ್ಮ ವೈರಿಂಗ್ ಹುಡುಗರ ‘ಲೈನ್ ಕಟ್ ಆಗ್ಯದ’ ಎಷ್ಟು ಸ್ಪಷ್ಟ! ಈಗ ಹೀಗೆ ಬರೆದಿದ್ದೇನೆ: ಗೋಡೆಯಿಂದ ಪಿನ್ ತೆಗೆದ ಮೇಲೆ ಅದರ ಎರಡು ಚಪ್ಪಟೆ ಕಡ್ಡಿಗಳಿಗೆ ಓಮ್ (ಕರೆಂಟಿಗೆ ಇರುವ ತಡೆ) ಅಳೆಯುವ ಮೀಟರ್ ಹಿಡಿಯಿರಿ. ಅಲ್ಲಿಯ 120 ವೋಲ್ಟಿಗೆ 400 ವ್ಯಾಟಿನ ಹೀಟರ್ ಆದರೆ 36 ಓಮ್, 600 ವ್ಯಾಟಿನದಾದರೆ 24 ಓಮ್ ಆಸುಪಾಸು ತೋರಿಸಬೇಕು. ಏನೂ ತೋರದಿದ್ದರೆ ವೈರೋ ಹೀಟರೋ ಎಲ್ಲೋ ಕಡಿದಿದೆ. ವೈರನ್ನು ಬಿಚ್ಚಿ ಎರಡನ್ನೂ ಬೇರೆ ಬೇರೆ ನೋಡಬೇಕು. ಕಡ್ಡಿಗೂ ಅರ್ಥ್ ಪಿನ್ನಿಗೂ ನಡುವೆ ಏನಾದರೂ ತೋರಿದರೆ ಅದನ್ನು ಕರೆಂಟಿಗೆ ಕೊಡಲೇಬಾರದು. ಭಾವ ನಂಬದೆ ನಮ್ಮ ಬಚ್ಚಲಿನ 1500 ವ್ಯಾಟಿನ ರಾಡಿಗೆ ಮೀಟರ್ ಹಿಡಿದರು, 35ರ ಹತ್ತಿರ ಬಂತು. ಆಮೇಲೆ ಪುಟದ ಉಳಿದ ಭಾಗಕ್ಕೆ ಅವರ ತಕರಾರಿಲ್ಲ.

ನನಗೆ ನಿಜಕ್ಕೂ ಬಗೆಹರಿಯದೆ ಉಳಿದಿರುವುದು ‘ಹಚ್ಚು’. ನಮ್ಮ ಕಡೆ ದೀಪ ಹಚ್ಚುತ್ತೇವೆ, ಎಣ್ಣಿ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ಮಗನನ್ನು ಸಾಲಿಗೆ ಹಚ್ಚುತ್ತೇವೆ, ಪಿನ್ನೂ ಹಚ್ಚುತ್ತೇವೆ. ವೈರು ಬದಲಿಸುವ ಭಾಗವನ್ನು ಭಾವ ಬಾಯಿಯಲ್ಲಿ ಹೇಳಿದ್ದು ಹೀಗೆ: ‘ಎಂಜಿನ್ ತಣ್ಣಗಾದ ಮ್ಯಾಲ ಹಳೇ ವೈರ್ ಗುಂಡು ಹಿಡಿದು ನೆಟ್ಟಗ ಎಳಿ, ವೈರ್ ಹಿಡಿದು ಜಗ್ಗಬ್ಯಾಡ. ಹೀಟರಿನ ಕಡ್ಡಿ ಸುಟ್ಟಾವೇನು ನೋಡು, ಸುಟ್ಟಿದ್ರ ಹೊಸಾ ವೈರೂ ಸುಡ್ತದ. ಸಿಲಿಕಾನ್ ಗ್ರೀಸ್ ಹಚ್ಚು, ಹೊಸಾ ವೈರ್ ಹಚ್ಚು, ಸೈಲೆನ್ಸರ್ ಪೈಪು, ಫ್ಯಾನ್ ಬೆಲ್ಟಿಗೆ ತಾಗದಂಗ ಕಟ್ಟು, ಆಮ್ಯಾಲ ಹೀಟರ್ ಹಚ್ಚು.’ ಬೀದರ್‌ನವನಿಗೆ ಒಂದಿಷ್ಟೂ ಗೊಂದಲವಿಲ್ಲ. ಆದರೆ ಈ ಪುಟ ಓದುವವರಲ್ಲಿ ಹಾಸನದವರೂ ಇದ್ದಾರಂತೆ. ಪೆಟ್ರೋಲಿನ ಗಾಡಿಯ ಮುಂದೆ ನಿಂತವನಿಗೆ ‘ಹೀಟರ್ ಹಚ್ಚಿ’ ಅಂತ ಹೇಳಲು ನನಗೆ ಧೈರ್ಯ ಸಾಲದು. ‘ಸಂಪರ್ಕ ಕಲ್ಪಿಸಿ’ ಅಂದರೆ ಸರ್ಕಾರಿ ಸುತ್ತೋಲೆ.

ಇನ್ನೊಂದು ಚಿಕ್ಕದು. ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಹತ್ತಿರ ಕಿವಿ ಕೊಟ್ಟರೆ ಸಣ್ಣ ಸದ್ದು ಕೇಳುತ್ತದೆ, ಅದು ಹೀಟರ್ ಕೆಲಸ ಮಾಡುತ್ತಿರುವ ಗುರುತು ಅಂತ ಅಳಿಯ ಬರೆದಿದ್ದಾನೆ. ಅನ್ನಕ್ಕಿಟ್ಟ ಎಸರು ಕುದಿಯುವ ಮೊದಲು ಮಾಡುತ್ತದಲ್ಲ, ಆ ಸದ್ದು. ನಾನು ‘ಸುಂಯ್’ ಅಂತ ಬರೆದಿದ್ದೇನೆ, ಅಕ್ಕ ‘ಚುಂಯ್’ ಅನ್ನುತ್ತಾಳೆ. ನನಗೆ ಚುಂಯ್ ಅಂದರೆ ಕಾದ ಹಂಚಿಗೆ ಬಿದ್ದ ಹಿಟ್ಟು.

ಅಕ್ಟೋಬರ್ ಕೊನೆಗೆ ಅಲ್ಲಿ ಹಿಮ ಶುರುವಾಗುತ್ತದೆ, ಅಷ್ಟರೊಳಗೆ ಪುಟ ಕಳಿಸಬೇಕು. ಹಾಸನ, ಮಂಡ್ಯ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ: ನೀವು ಪಿನ್ನನ್ನು ಗೋಡೆಗೆ ಹಾಕುತ್ತೀರೋ, ಸಿಕ್ಕಿಸುತ್ತೀರೋ, ಚುಚ್ಚುತ್ತೀರೋ?