ಗೂಗಲ್‌ನಲ್ಲಿ ನಮ್ಮ ಹೆಸರು ಯಾಕೆ ಬರ್ತಿಲ್ಲ? ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಪ್ಲಂಬಿಂಗ್, ವೈರಿಂಗ್, ಟ್ಯಾಂಕ್ ಕ್ಲೀನಿಂಗ್ ಮಾಡುವವರೆಲ್ಲ ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ, ಮ್ಯಾಪಿನಲ್ಲಿ ನಮ್ಮ ವ್ಯಾಪಾರ ಕಾಣುವ ಪುಟ) ಬಗ್ಗೆ ಈಗ ಕೇಳಬಹುದು. ನಮ್ಮ ಲಿಸ್ಟಿಂಗ್ ಸರ್ ಇವತ್ತು ಒಂಬತ್ತು ಗಂಟೆವರೆಗೆ ಇರುತ್ತಾರೆ. ಗುಡ್ ಈವ್ನಿಂಗ್ ಫೋಟೋ ದಯವಿಟ್ಟು ಬೇಡ.

ವೈರಿಂಗ್ ವಿಜಯನಗರ: ನಮಸ್ಕಾರ ಸರ್. ಮೈಸೂರು ವಿಜಯನಗರದಲ್ಲಿ ಮನೆಯಿಂದಲೇ ಕೆಲಸ. ಮನೆ ಹತ್ತಿರ ಹುಡುಕಿದರೆ ಮೊದಲ ಮೂರರಲ್ಲಿ ಬರುತ್ತೇನೆ. ಬನ್ನಿಮಂಟಪದಲ್ಲಿ ನಿಂತು ಹುಡುಕಿದರೆ ಪತ್ತೆನೇ ಇಲ್ಲ. ಸರ್ವಿಸ್ ಏರಿಯಾದಲ್ಲಿ ಬನ್ನಿಮಂಟಪ ಹಾಕಿದ್ದೇನೆ.

ಲಿಸ್ಟಿಂಗ್ ಸರ್: ನಮಸ್ಕಾರ. ಸರ್ವಿಸ್ ಏರಿಯಾ 20ರವರೆಗೆ ಹಾಕಬಹುದು. ಅದು ಗಿರಾಕಿಗೆ ತಿಳಿಯಲಿ ಅಂತ ಅಷ್ಟೇ, ಹಾಕಿದ ಕಡೆಯೆಲ್ಲ ಮೇಲೆ ಬರಲ್ಲ. ಗೂಗಲ್ ನೋಡೋದು ಮೂರು: ಗಿರಾಕಿ ಕೇಳಿದ ಕೆಲಸ ನೀವು ಮಾಡ್ತೀರಾ, ಎಷ್ಟು ದೂರದಲ್ಲಿದ್ದೀರಿ, ನಾಲ್ಕು ಜನಕ್ಕೆ ನಿಮ್ಮ ಹೆಸರು ಗೊತ್ತಾ. ದೂರ ನಮ್ಮ ಕೈಯಲ್ಲಿಲ್ಲ. ಮುಖ್ಯ ಕ್ಯಾಟಗರಿ ಏನು ಕೊಟ್ಟಿದ್ದೀರಿ?

ವೈರಿಂಗ್ ವಿಜಯನಗರ: ಎಲೆಕ್ಟ್ರಿಕಲ್ ಅಂಗಡಿ.

ಲಿಸ್ಟಿಂಗ್ ಸರ್: ನೋಡಿ, ನೀವು ಬಲ್ಬು ಮಾರೋರು ಅಂತ ನೀವೇ ಹೇಳಿದ್ದೀರಿ. ಎಲೆಕ್ಟ್ರಿಷಿಯನ್ ಅಂತ ಬದಲಾಯಿಸಿ. ಫ್ಯಾನ್, ಎಂಸಿಬಿ, ಯುಪಿಎಸ್ ಲೈನ್, ಏನೇನು ಮಾಡ್ತೀರೋ ಸರ್ವಿಸ್ ಪಟ್ಟಿಯಲ್ಲಿ ಒಂದೊಂದಾಗಿ ಬರೆಯಿರಿ.

ಗೀಸರ್ ತುಮಕೂರು: ಸರ್, ಇದು ಫಾರ್ವರ್ಡ್ ಬಂದಿದೆ. "ಫೋಟೋಗೆ ಜಿಯೋ ಟ್ಯಾಗ್ (ಜಾಗದ ಗುರುತು) ಹಾಕಿ, ಅಂಗಡಿ ಹೆಸರಿನ ಜೊತೆ ಊರು, ಕೆಲಸ ಸೇರಿಸಿ, ಹತ್ತು ಮೊಬೈಲಿಂದ ನಿಮ್ಮದೇ ಪ್ರೊಫೈಲ್ ಒತ್ತಿ. 7 ದಿನದಲ್ಲಿ ನಂಬರ್ 1." ನಿಜವಾ?

ಲಿಸ್ಟಿಂಗ್ ಸರ್: ಸುಳ್ಳು. ಮೂರೂ.

ಸಂಪ್ ಅಕ್ಕ: ಸರ್, ನಾನು ಆ ಫಾರ್ವರ್ಡ್ ನಂಬಿಯೇ ಕೆಟ್ಟೆ. ಕುವೆಂಪುನಗರದಲ್ಲಿ ಸಂಪ್, ಟ್ಯಾಂಕ್ ಕ್ಲೀನಿಂಗ್ ಮಾಡುತ್ತೇವೆ. ಆರು ವರ್ಷದ ಪ್ರೊಫೈಲ್, 143 ರಿವ್ಯೂ. ಹೆಸರಿನ ಮುಂದೆ "ಬೆಸ್ಟ್ ಸಂಪ್ ಕ್ಲೀನಿಂಗ್ ಮೈಸೂರು 24 ಗಂಟೆ" ಅಂತ ಸೇರಿಸಿದೆ. ಪೇಟೆ ವಿಳಾಸ ಇದ್ದರೆ ಒಳ್ಳೇದು ಅಂತ ದೇವರಾಜ ಅರಸು ರಸ್ತೆಯ ತಮ್ಮನ ಅಂಗಡಿ ವಿಳಾಸ ಹಾಕಿದೆ. ಮೂರನೇ ದಿನಕ್ಕೆ ಸಸ್ಪೆಂಡ್. ಫೋನ್ ಬರೋದೇ ನಿಂತುಹೋಗಿದೆ. ಹೊಸದು ಮಾಡಿಬಿಡಲಾ?

ಲಿಸ್ಟಿಂಗ್ ಸರ್: ಅಕ್ಕ, ಹೊಸದು ಮಾಡಲೇಬೇಡಿ. ಒಂದೇ ವ್ಯಾಪಾರಕ್ಕೆ ಎರಡು ಪ್ರೊಫೈಲ್ ಆದರೆ ಹಳೇದು ವಾಪಸ್ ಬರೋದು ಇನ್ನೂ ಕಷ್ಟ. ಆ 143 ರಿವ್ಯೂ ಆರು ವರ್ಷದ ದುಡಿಮೆ, ಬಿಡೋದು ಬೇಡ. ಪ್ರೊಫೈಲ್ ವಾಪಸ್ ಕೊಡಿ ಅಂತ ಗೂಗಲ್‌ಗೆ ಅಪೀಲ್ ಹಾಕಿಬಿಟ್ಟಿದ್ದೀರಾ?

ಸಂಪ್ ಅಕ್ಕ: ಇಲ್ಲ ಸರ್. ಬಟನ್ ಕಾಣ್ತಿದೆ. ಭಯಕ್ಕೆ ಒತ್ತಿಲ್ಲ.

ಲಿಸ್ಟಿಂಗ್ ಸರ್: ಒತ್ತದೆ ಇದ್ದಿದ್ದೇ ಒಳ್ಳೇದಾಯ್ತು. ಮೊದಲು ತಪ್ಪು ಸರಿ ಮಾಡಿ. ನಿಮ್ಮ ಗಾಡಿ ಮೇಲೆ, ಬಿಲ್ ಪುಸ್ತಕದಲ್ಲಿ ಯಾವ ಹೆಸರಿದೆಯೋ ಅಕ್ಷರ ಬಿಡದೆ ಅದೇ ಇರಲಿ. ಬೆಸ್ಟೂ ಬೇಡ, 24 ಗಂಟೆನೂ ಬೇಡ. ತಮ್ಮನ ಅಂಗಡಿ ವಿಳಾಸ ತೆಗೆದು ಮನೆ ವಿಳಾಸ ಕೊಡಿ, ಆಮೇಲೆ ಅದು ಗಿರಾಕಿಗಳಿಗೆ ಕಾಣದ ಹಾಗೆ ಮಾಡಿ. ಗಿರಾಕಿ ಮನೆಗೇ ಹೋಗಿ ಕೆಲಸ ಮಾಡುವವರಿಗೆ ಗೂಗಲ್ ನಿಯಮ ಅದೇ.

ಆಮೇಲೆ ಕಾಗದ. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ವ್ಯಾಪಾರದ ಸರ್ಕಾರಿ ನೋಂದಣಿ) ಇದೆಯಾ? ಇಲ್ಲದಿದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ಪುಕ್ಕಟೆ ಆಗುತ್ತೆ, ಏಜೆಂಟಿಗೆ ದುಡ್ಡು ಕೊಡಬೇಡಿ. ಜಿಎಸ್‌ಟಿ ಇದ್ದರೆ ಅದು, ಮನೆಯ ಕರೆಂಟ್ ಬಿಲ್. ಎಲ್ಲದರಲ್ಲೂ ಹೆಸರು, ವಿಳಾಸ ಪ್ರೊಫೈಲ್‌ಗೆ ಹೊಂದಬೇಕು. ಎಲ್ಲ ಫೋನಲ್ಲಿ ಸೇವ್ ಆಗಿದೆ ಅಂತ ನೋಡಿಕೊಂಡು ಆಮೇಲೆ ಅಪೀಲ್ ಒತ್ತಿ. ಒತ್ತಿದ ಮೇಲೆ ದಾಖಲೆ ಸೇರಿಸೋಕೆ ಸಿಗೋದು 60 ನಿಮಿಷ. ತುಂಬಾ ಜನ ಒತ್ತಿಬಿಟ್ಟು ಆಮೇಲೆ ಬೀರು ಹುಡುಕ್ತಾರೆ.

ವಿಡಿಯೋನೂ ಕೇಳಬಹುದು. ಎಡಿಟ್ ಮಾಡಬೇಡಿ, ಒಂದೇ ಓಟ. ರಸ್ತೆ ಬೋರ್ಡಿಂದ ಶುರು ಮಾಡಿ, ಗಾಡಿ ಮೇಲಿನ ಹೆಸರು ತೋರಿಸಿ, ಬಾಗಿಲು ತೆಗೆದು ಪ್ರೆಶರ್ ಪಂಪು, ಕೆಸರು ಎಳೆಯೋ ಮೋಟಾರು, ಪೈಪು ತೋರಿಸಿ, ಕೊನೆಗೆ ಬಿಲ್ ಪುಸ್ತಕ. ಜನರ ಮುಖ ಬರೋದು ಬೇಡ. ಗಾಡಿ ಮೇಲೆ ಹೆಸರು ಬರೆಸಿದ್ದೀರಾ?

ಯುಪಿಎಸ್ ಮಂಡ್ಯ: ಸರ್, ಬಿಲ್ಲಲ್ಲಿ 50 ರೂಪಾಯಿ ಬಿಟ್ಟರೆ 5 ಸ್ಟಾರ್ ಕೊಡ್ತಾರೆ. ಮಾಡಬಹುದಾ?

ಲಿಸ್ಟಿಂಗ್ ಸರ್: ಬೇಡ. ರಿವ್ಯೂಗೆ ದುಡ್ಡು, ರಿಯಾಯಿತಿ ಯಾವುದೂ ಕೊಡೋ ಹಾಗಿಲ್ಲ. ಕೆಲಸ ಮುಗಿದು ದುಡ್ಡು ಇಸ್ಕೊಳ್ಳುವಾಗಲೇ ಲಿಂಕ್ ಕಳಿಸಿ. ಮನೆಗೆ ಬಂದು ಕಳಿಸಿದರೆ ಯಾರೂ ಬರೆಯಲ್ಲ.

ಯುಪಿಎಸ್ ಮಂಡ್ಯ: ಎಲ್ಲರೂ ಮಾಡ್ತಾರೆ ಬಿಡಿ. ವಿಜಯನಗರದವರ ಪ್ರೊಫೈಲ್ ನೋಡಿದೆ. ಒಂದೇ ದಿನ 18 ರಿವ್ಯೂ, ಎಲ್ಲದರಲ್ಲೂ "ವೆರಿ ನೈಸ್ ವರ್ಕ್".

ವೈರಿಂಗ್ ವಿಜಯನಗರ: ಅವತ್ತು ನಮ್ಮ ತಂಗಿ ಮದುವೆ. ನೆಂಟರು ಖುಷಿಯಿಂದ ಹಾಕಿದ್ದು.

ಯುಪಿಎಸ್ ಮಂಡ್ಯ: ಮದುವೆ ದಿನ 18 ಮನೆ ವೈರಿಂಗ್ ಮಾಡಿದ್ರಾ?

ವೈರಿಂಗ್ ವಿಜಯನಗರ: ನಿಮ್ಮ ಪ್ರೊಫೈಲಲ್ಲಿ ಇರೋ ಬ್ಯಾಟರಿ ಫೋಟೋ ಕಂಪನಿ ಕ್ಯಾಟಲಾಗಿಂದು. ನಾನು ಬಾಯಿ ಬಿಟ್ಟಿದ್ನಾ?

ಆರ್‌ಓ ಬಾಗಲಕೋಟೆ: ಸರ್, ಅಂಗಡಿ ಬೇರೆ ಏರಿಯಾಕ್ಕೆ ಶಿಫ್ಟ್ ಮಾಡಿದ್ವಿ. ಹಳೇ ಪ್ರೊಫೈಲ್ ಏನು ಮಾಡೋದು?

ಯುಪಿಎಸ್ ಮಂಡ್ಯ: ನಂದು ಫೋಟೋ ಮಾತ್ರ ಕ್ಯಾಟಲಾಗಿಂದು, ಗಿರಾಕಿಗಳು ನಿಜ.

ಅಡ್ಮಿನ್: ಇಬ್ಬರೂ ಪರ್ಸನಲ್ ಆಗಿ ಮಾತಾಡಿಕೊಳ್ಳಿ.

ಲಿಸ್ಟಿಂಗ್ ಸರ್: ನೆಂಟರ ರಿವ್ಯೂ ಗೂಗಲ್ ಯಾವಾಗ ಬೇಕಾದರೂ ಅಳಿಸುತ್ತೆ. ಮಂಡ್ಯದವರೇ, ನಿಮ್ಮ ಕೈಯಿಂದ ಜೋಡಿಸಿದ ಬ್ಯಾಟರಿ ಫೋಟೋ ಹಾಕಿ. ಮುಗೀತು.

ಪ್ಲಂಬಿಂಗ್ ಹಾಸನ: ಗೂಗಲ್‌ನಿಂದ ಫೋನ್ ಬಂದಿತ್ತು ಸರ್. 6,000 ಕೊಟ್ಟರೆ ಮೊದಲನೇ ಜಾಗ ಅಂತೆ.

ಲಿಸ್ಟಿಂಗ್ ಸರ್: ಅದು ಗೂಗಲ್ ಅಲ್ಲ. ದುಡ್ಡು ಕೊಟ್ಟು ಸಿಗೋದು ಜಾಹೀರಾತು, ಮ್ಯಾಪಿನ ಜಾಗ ಅಲ್ಲ. ಓಟಿಪಿ ಕೇಳಿದರೆ ಫೋನ್ ಇಡಿ.

ಪೇಂಟಿಂಗ್ ಶಿವಮೊಗ್ಗ: ಫೋಟೋಗೆ ಜಿಯೋ ಟ್ಯಾಗ್ ಹಾಕಬೇಕಂತೆ, ಹೌದಾ ಸರ್?

ಲಿಸ್ಟಿಂಗ್ ಸರ್: ಮೇಲೆ ಓದಿ.

ಗೀಸರ್ ತುಮಕೂರು: ಹೆಸರು ಕನ್ನಡದಲ್ಲಿ ಇರಲಾ, ಇಂಗ್ಲಿಷಲ್ಲಾ?

ಲಿಸ್ಟಿಂಗ್ ಸರ್: ಬೋರ್ಡಲ್ಲಿ ಏನಿದೆಯೋ ಅದು.

ಪೇಂಟಿಂಗ್ ಶಿವಮೊಗ್ಗ: ಸರ್ ಸಿಡಿಮಿಡಿ ಅಂತಿದ್ದಾರೆ. ಕೇಳಿದ್ದು ತಪ್ಪಾ?

ಲಿಸ್ಟಿಂಗ್ ಸರ್: ಕೇಳಿದ್ದು ತಪ್ಪಲ್ಲ. ಅದೇ ಫಾರ್ವರ್ಡ್ ಒಬ್ಬರ ಆರು ವರ್ಷದ ಪ್ರೊಫೈಲ್ ಸಸ್ಪೆಂಡ್ ಮಾಡಿಸಿದೆ. ಅದನ್ನು ಓದದೆ ಮತ್ತೆ ಅದನ್ನೇ ಕೇಳಿದರೆ ಏನು ಹೇಳಲಿ?

ಆರ್‌ಓ ಬಾಗಲಕೋಟೆ: ಸರ್, ನಂದು?

ಸಂಪ್ ಅಕ್ಕ: ಹೆಸರು ಬರೆಸಿದೆ ಸರ್, ಹಳದಿ ಅಕ್ಷರದಲ್ಲಿ. ಆದರೆ "ಕ್ಲೀನಿಂಗ್"ನಲ್ಲಿ ಅರ್ಧ ಅಳಿಸಿದೆ. ಗಾಡಿ ನಂಜನಗೂಡಿಗೆ ಹೋಗಿದೆ, ರಾತ್ರಿ ಬರುತ್ತೆ. ರಾತ್ರಿನೇ ವಿಡಿಯೋ ತೆಗೆಯಲಾ?

ಲಿಸ್ಟಿಂಗ್ ಸರ್: ಬೇಡ ಅಕ್ಕ. ನಾಳೆ ಪೇಂಟರ್ ಕರೆಸಿ ಅಕ್ಷರ ತಿದ್ದಿಸಿ. ಒಣಗಿದ ಮೇಲೆ ಬಿಸಿಲಲ್ಲಿ ತೆಗೆಯಿರಿ. ಅಪೀಲ್ ಒತ್ತುವ ಮುಂಚೆ ನನಗೆ ಕಳಿಸಿ, ಒಂದು ಸಲ ನೋಡುತ್ತೇನೆ.

ಪೇಂಟಿಂಗ್ ಶಿವಮೊಗ್ಗ: ಗಾಡಿ ಶಿವಮೊಗ್ಗದಲ್ಲಿ ಇದ್ದಿದ್ದರೆ ನಾನೇ ಬರೆದುಕೊಡ್ತಿದ್ದೆ ಅಕ್ಕ.

ಅಡ್ಮಿನ್: ಒಂಬತ್ತು ಆಯ್ತು.

ಕಾರ್ಪೆಂಟರ್ ಕೋಲಾರ: ಲೇಟಾಯ್ತು ಸರ್, ಈಗ ಬಂದೆ. ಜಿಯೋ ಟ್ಯಾಗ್ ಹಾಕೋದು ಹೇಗೆ?