ರೇಡಿಯೇಷನ್ ನಡುವೆ ನಿದ್ರೆ ಮಾಡಿದರೂ ಇಳಿಯದ ಸುಸ್ತು

ಪ್ರಶ್ನೆ
ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ನನಗೆ ವಾರಕ್ಕೆ 5 ದಿನದಂತೆ 25 ಬಾರಿ ರೇಡಿಯೇಷನ್ ನಿಗದಿಯಾಗಿದ್ದು, ಈಗ 3ನೇ ವಾರ ನಡೆಯುತ್ತಿದೆ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ನೋವೂ ಇಲ್ಲ. ಆದರೆ ಕಳೆದ ವಾರದಿಂದ ರಾತ್ರಿಯಿಡೀ ನಿದ್ರಿಸಿ ಎದ್ದರೂ ಮೈಯಲ್ಲಿ ಕಸುವಿರುವುದಿಲ್ಲ. ಸ್ನಾನ ಮುಗಿಸುವಷ್ಟರಲ್ಲಿ ಮತ್ತೆ ಮಲಗಬೇಕೆನಿಸುತ್ತದೆ. ಚಿಕಿತ್ಸೆ ಫಲಿಸುತ್ತಿಲ್ಲವೆಂಬುದರ ಸೂಚನೆಯೇ ಇದು? ಎರಡು ದಿನ ಬಿಡುವು ಪಡೆದರೆ ಸರಿಹೋಗಬಹುದೇ?

ಉತ್ತರ 1
ನಾನು ರೇಡಿಯೇಷನ್ ವಿಭಾಗದಲ್ಲಿ ಶುಶ್ರೂಷಕಿ. ನೀವು ಹೇಳಿದ ಸುಸ್ತು ಬಹಳ ಮಂದಿಯಲ್ಲಿ 2ನೇ ಅಥವಾ 3ನೇ ವಾರದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಫಲಿಸುತ್ತಿದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ವಿಕಿರಣ ತಗುಲಿದ ಆರೋಗ್ಯವಂತ ಜೀವಕೋಶಗಳನ್ನು ದುರಸ್ತಿ ಮಾಡಲು ದೇಹ ಶ್ರಮಿಸುತ್ತಿರುತ್ತದೆ, ಉರಿಯೂತವೂ ಇರುತ್ತದೆ, ಇದರ ಮೇಲೆ ನಿತ್ಯದ ಪ್ರಯಾಣ ಮತ್ತು ಮನಸ್ಸಿನ ಭಾರ ಸೇರುತ್ತವೆ. ಹಾಗೆಂದು ಎಲ್ಲವನ್ನೂ ರೇಡಿಯೇಷನ್ ಲೆಕ್ಕಕ್ಕೆ ಬರೆಯುವುದೂ ತಪ್ಪು: ರಕ್ತಹೀನತೆ, ಥೈರಾಯ್ಡ್ ಕೊರತೆ, ಖಿನ್ನತೆ, ನಿದ್ರಾಭಂಗ, ಕೆಲವು ಔಷಧಗಳು ಇವೆಲ್ಲ ಸುಸ್ತನ್ನು ಹೆಚ್ಚಿಸುತ್ತವೆ ಮತ್ತು ಇವುಗಳಿಗೆ ಪ್ರತ್ಯೇಕ ಚಿಕಿತ್ಸೆಯಿದೆ. ಆದ್ದರಿಂದ ರಕ್ತಪರೀಕ್ಷೆ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಜ್ವರ, ಉಸಿರಾಟದ ತೊಂದರೆ, ಎದೆನೋವು, ತಲೆ ಸುತ್ತಿ ಬೀಳುವಂತಾಗುವುದು ಇದ್ದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಬಿಡುವನ್ನಂತೂ ನೀವಾಗಿಯೇ ಪಡೆಯಬೇಡಿ, ಏಕೆಂದರೆ ನಡುವೆ ದಿನಗಳು ತಪ್ಪಿದರೆ ಚಿಕಿತ್ಸೆಯ ಪರಿಣಾಮವೇ ಕುಗ್ಗಬಹುದು.

ಉತ್ತರ 2
ಇದೇ ಚಿಕಿತ್ಸೆಯನ್ನು ಮುಗಿಸಿದವಳಾಗಿ ಹೇಳುತ್ತೇನೆ. ನಾನೂ ಮೊದಲು ಹಗಲೆಲ್ಲ ಮಲಗಿದೆ. ರಾತ್ರಿಯ ನಿದ್ರೆ ಕೆಟ್ಟಿತು, ಕಾಲುಗಳಲ್ಲಿ ಇದ್ದ ಬಲವೂ ಹೋಯಿತು. ವೈದ್ಯರು ನಡೆಯಲು ಹೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಮೊದಲ ದಿನ 5 ನಿಮಿಷ, ಅದೂ ಮನೆಯೊಳಗೆ. ನಾಲ್ಕೈದು ದಿನಕ್ಕೊಮ್ಮೆ ಸ್ವಲ್ಪ ಹೆಚ್ಚಿಸುತ್ತ 20 ನಿಮಿಷಕ್ಕೆ ತಲುಪಿದೆ. ಸುಸ್ತು ಪೂರ್ತಿ ಹೋಗಲಿಲ್ಲ, ಆದರೆ ಅದರ ಹಿಡಿತ ಸಡಿಲವಾಯಿತು. ಹಗಲಿನ ನಿದ್ರೆಯನ್ನು ಅರ್ಧ ಗಂಟೆಗೆ ಇಳಿಸಿ, ಸಂಜೆಯಾದ ಮೇಲೆ ಮಲಗುವುದನ್ನು ಬಿಟ್ಟೆ. ದಿನದ ಯಾವ ಹೊತ್ತಿನಲ್ಲಿ ಹಗುರವಾಗಿರುತ್ತೇನೆಂದು ಒಂದು ವಾರ ಬರೆದಿಟ್ಟು, ಸ್ನಾನದಂತಹ ಕೆಲಸಗಳನ್ನು ಆ ಹೊತ್ತಿಗೆ ಸರಿಸಿದೆ. ಕುಳಿತು ಮಾಡಬಹುದಾದುದನ್ನು ಕುಳಿತೇ ಮಾಡಿದೆ. ಒಂದು ಎಚ್ಚರಿಕೆ: ಚೆನ್ನಾಗಿದೆ ಎನಿಸಿದ ದಿನ ಉಳಿದ ಕೆಲಸವನ್ನೆಲ್ಲ ಮುಗಿಸಲು ಹೋದರೆ ಮುಂದಿನ ಎರಡು ದಿನ ಅದಕ್ಕೆ ಬಡ್ಡಿ ಕಟ್ಟಬೇಕಾಗುತ್ತದೆ.

ಉತ್ತರ 3
ನನ್ನ ತಂದೆಯವರ ಕೊನೆಯ ರೇಡಿಯೇಷನ್ ಮುಗಿದ ಕೂಡಲೇ ಅವರು ಮೊದಲಿನಂತಾಗುತ್ತಾರೆಂದು ನಾವು ನಂಬಿದ್ದೆವು. ಮುಂದಿನ ಎರಡು ವಾರ ಸುಸ್ತು ಹೆಚ್ಚೇ ಆಯಿತು. ಇಳಿಯಲು ಸುಮಾರು ಮೂರು ತಿಂಗಳು ಹಿಡಿಯಿತು. ಇದನ್ನು ಮನೆಯವರಿಗೆ ಈಗಲೇ ಹೇಳಿಡಿ, ಇಲ್ಲವಾದರೆ ‘ಚಿಕಿತ್ಸೆ ಮುಗಿಯಿತಲ್ಲ, ಇನ್ನೇನು’ ಎಂಬ ಮಾತು ಕೇಳಬೇಕಾದೀತು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ನಾಳೆ ವೈದ್ಯರ ಭೇಟಿಯಿದೆ. ನಾನು ಬೆಳಿಗ್ಗೆ ನೋವಿನ ಮಾತ್ರೆಯೊಂದನ್ನು ಸೇವಿಸುತ್ತಿದ್ದೇನೆ. ಮಂಪರು ಅದರಿಂದಲೂ ಬರಬಹುದೇ?

ಉತ್ತರ 1
ಕೆಲವು ನೋವಿನ ಮಾತ್ರೆಗಳಿಂದ ಖಂಡಿತ ಬರಬಹುದು. ನೀವಾಗಿಯೇ ನಿಲ್ಲಿಸದೆ, ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು, ವಿಟಮಿನ್ ಮಾತ್ರೆಗಳಿದ್ದರೆ ಅವನ್ನೂ ಸೇರಿಸಿ, ನಾಳೆ ಜೊತೆಗೆ ಒಯ್ಯಿರಿ.